ಮೆರ್ವ್ 13 ಫಿಲ್ಟರ್ ಹಾಕಿದ ಮೇಲೆ ಗಾಳಿ ಬರ್ತಿಲ್ವಾ? ದೋಷ ಹುಡುಕುವ ಕ್ರಮ

ಅಮೆರಿಕದ ಬಹುತೇಕ ಮನೆಗಳಲ್ಲಿ ಬೇಸಿಗೆಯ ಏಸಿಗೂ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಫರ್ನೆಸ್‌ಗೂ ಒಂದೇ ಬ್ಲೋವರ್ (ಗಾಳಿ ತಳ್ಳುವ ಫ್ಯಾನ್), ಒಂದೇ ಡಕ್ಟ್ (ಗಾಳಿ ಹೋಗುವ ಕೊಳವೆ), ಒಂದೇ ಫಿಲ್ಟರ್. ಮನೆಯ ಗಾಳಿಯೆಲ್ಲ ಆ ಒಂದು ಫಿಲ್ಟರ್ ದಾಟಿಯೇ ಹೋಗಬೇಕು. 2018ರ ನವೆಂಬರ್‌ನಲ್ಲಿ ಕ್ಯಾಂಪ್ ಫೈರ್ ಎಂಬ ಕಾಡ್ಗಿಚ್ಚಿನ ಹೊಗೆ ಕ್ಯಾಲಿಫೋರ್ನಿಯಾದ ಬೇ ಏರಿಯಾವನ್ನು ಮುಚ್ಚಿತು. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಗಲಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ನ್ಯೂಜೆರ್ಸಿವರೆಗೂ ಬಂತು. ಇಂಥ ದಿನಗಳಲ್ಲಿ ನಮ್ಮವರು ಅಂಗಡಿಗೆ ಹೋಗಿ, ಇದ್ದದ್ದರಲ್ಲಿ ದೊಡ್ಡ ಮೆರ್ವ್ ನಂಬರಿನ (ಫಿಲ್ಟರ್ ಎಷ್ಟು ಸಣ್ಣ ಕಣ ಹಿಡಿಯುತ್ತದೆ ಅನ್ನುವ ಅಂಕ) ಫಿಲ್ಟರ್ ತಂದು ಹಾಕುತ್ತಾರೆ. ಅದು ಸರಿಯಾದ ಯೋಚನೆಯೇ. ಆದರೆ ಕೆಲವು ಮನೆಗಳಲ್ಲಿ ಅಲ್ಲಿಂದಲೇ ತೊಂದರೆ ಶುರುವಾಗುತ್ತದೆ. ಮಹಡಿಯ ಕೋಣೆಗೆ ಗಾಳಿ ಬರುವುದಿಲ್ಲ, ಏಸಿ ಕಾಯಿಲ್ (ಗಾಳಿ ತಂಪು ಮಾಡುವ ಕೊಳವೆ ಸುರುಳಿ) ಮೇಲೆ ಮಂಜು ಕಟ್ಟುತ್ತದೆ, ಫರ್ನೆಸ್ ನಡುನಡುವೆ ಆರಿಹೋಗುತ್ತದೆ.

ಆಗ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: "ಮೆರ್ವ್ 13 ನಿಮ್ಮ ಸಿಸ್ಟಮ್‌ಗೆ ಆಗಲ್ಲ, ಮೆರ್ವ್ 8 ಹಾಕಿ." ಇದನ್ನು ನಾನು ಒಪ್ಪುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ತಪ್ಪು ನಂಬರಿನದಲ್ಲ, ಅಳತೆಯದು. ಫಿಲ್ಟರ್ ಚಿಕ್ಕದು, ಅದರ ಮೂಲಕ ಹೋಗಬೇಕಾದ ಗಾಳಿ ಜಾಸ್ತಿ. ಹಾಗಂತ ಅಳೆಯದೆ ಫಿಲ್ಟರನ್ನೇ ದೂರುವುದೂ ಸರಿಯಲ್ಲ. ಮೊದಲು ದೋಷ ಎಲ್ಲಿದೆ ಅಂತ ಹುಡುಕೋಣ.

ಯಾವ ಲಕ್ಷಣ ಏನು ಹೇಳುತ್ತದೆ

ಫಿಲ್ಟರ್ ಇರುವ ಜಾಗದಲ್ಲಿ ಸಿಳ್ಳೆ ಹೊಡೆದಂಥ ಸದ್ದು ಬರುತ್ತಿದ್ದರೆ ಗಾಳಿ ಸಂದಿಯಲ್ಲಿ ನುಗ್ಗುತ್ತಿದೆ ಅಂತ ಅರ್ಥ. ಫಿಲ್ಟರ್ ಹೊರಗೆ ತೆಗೆದಾಗ ಅದರ ರಟ್ಟಿನ ಚೌಕಟ್ಟು ಬ್ಲೋವರ್ ಕಡೆಗೆ ಬಾಗಿದ್ದರೆ ಒತ್ತಡ ಜಾಸ್ತಿ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಬ್ಲೋವರ್ ಸದ್ದು ಮೊದಲಿಗಿಂತ ಜೋರಾಗಿದ್ದರೆ ನಿಮ್ಮದು ಇಸಿಎಂ ಮೋಟಾರ್ (ವೇಗವನ್ನು ತಾನೇ ಹೊಂದಿಸಿಕೊಳ್ಳುವ ಹೊಸ ಬಗೆ) ಇರಬಹುದು. 2019ರ ಜುಲೈನಲ್ಲಿ ಅಮೆರಿಕದ ಹೊಸ ನಿಯಮ ಬಂದ ಮೇಲೆ ತಯಾರಾದ ಫರ್ನೆಸ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ. ಇದರಲ್ಲಿ ಗಾಳಿಯ ಪ್ರಮಾಣವನ್ನು ಕಾಯ್ದುಕೊಳ್ಳುವ ಬಗೆಯದು ಅಡ್ಡಿ ಬಂದಷ್ಟೂ ಜೋರಾಗಿ ತಿರುಗುತ್ತದೆ. ಗಾಳಿ ಹೇಗೋ ಬರುತ್ತದೆ, ಕರೆಂಟ್ ಬಿಲ್ ಮತ್ತು ಸದ್ದು ಏರುತ್ತವೆ. ಹಳೆಯ ಪಿಎಸ್‌ಸಿ ಮೋಟಾರ್ ಹಾಗಲ್ಲ. ಅಡ್ಡಿ ಬಂದರೆ ಸುಮ್ನೆ ಗಾಳಿ ಕಮ್ಮಿ ಕೊಡುತ್ತದೆ. ಹಾಗಾಗಿ ಹಳೆ ಮನೆಯಲ್ಲಿ ಮೊದಲು ಕಾಣುವುದು ದೂರದ ಕೋಣೆಯ ಸೆಕೆ. ಹೊಸ ಮನೆಯಲ್ಲಿ ಮೊದಲು ಕೇಳುವುದು ಸದ್ದು.

ಏಸಿಯ ದಪ್ಪ ತಾಮ್ರದ ಪೈಪಿನ ಮೇಲೆ ಹಿಮ ಕಂಡರೆ ಒಳಗಿನ ಕಾಯಿಲ್ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾಗಿದೆ. ಸಾಕಷ್ಟು ಬೆಚ್ಚಗಿನ ಗಾಳಿ ಮೇಲೆ ಹಾಯದಿದ್ದರೆ ಹಾಗಾಗುತ್ತದೆ. ಏಸಿಯೊಳಗಿನ ತಂಪು ಮಾಡುವ ಗ್ಯಾಸ್ (ರೆಫ್ರಿಜರೆಂಟ್) ಕಮ್ಮಿಯಾದರೂ ಹಾಗೇ ಆಗುತ್ತದೆ. ಎರಡನ್ನೂ ಬೇರ್ಪಡಿಸುವುದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಚಳಿಗಾಲದಲ್ಲಿ ಬರ್ನರ್ ಆರಿ, ಬ್ಲೋವರ್ ಮಾತ್ರ ಓಡಿ, ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬರ್ನರ್ ಹೊತ್ತಿಕೊಳ್ಳುತ್ತಿದ್ದರೆ ಅತಿಯಾಗಿ ಕಾದಾಗ ಬರ್ನರ್ ಆರಿಸುವ ಹೈ ಲಿಮಿಟ್ ಸ್ವಿಚ್ ಬೀಳುತ್ತಿದೆ. ಫರ್ನೆಸ್‌ನ ಬೋರ್ಡಿನಲ್ಲಿ ಒಂದು ದೀಪ ಮಿಟುಕುತ್ತದೆ. ಎಷ್ಟು ಸಲ ಮಿಟುಕಿದರೆ ಏನರ್ಥ ಅನ್ನುವ ಪಟ್ಟಿ ಬಾಗಿಲಿನ ಒಳಭಾಗದಲ್ಲಿ ಅಂಟಿಸಿರುತ್ತಾರೆ, ಕಂಪನಿಯಿಂದ ಕಂಪನಿಗೆ ಬೇರೆ. ಇದನ್ನು ತಿಂಗಳುಗಟ್ಟಲೆ ಹಾಗೇ ಬಿಡಬೇಡಿ. ಮತ್ತೆ ಮತ್ತೆ ಅತಿಯಾಗಿ ಕಾದರೆ ಬೆಂಕಿಯ ಶಾಖವನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಡಬಹುದು. ಬಿರುಕು ಬಿಟ್ಟರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ಬರುವ ಅಪಾಯವಿದೆ. ಮನೆಯಲ್ಲಿ ಅದರ ಅಲಾರ್ಮ್ ಕೆಲಸ ಮಾಡುತ್ತಿದೆಯಾ ಅಂತ ಇವತ್ತೇ ಒತ್ತಿ ನೋಡಿ.

ದುಡ್ಡು ಖರ್ಚಿಲ್ಲದೆ ನೋಡಬೇಕಾದದ್ದು

ಮೊದಲು ಮನೆಯಲ್ಲಿ ಎಷ್ಟು ಫಿಲ್ಟರ್ ಇವೆ ಅಂತ ನೋಡಿ. ಹಳೆ ಮನೆ ಕೊಂಡವರಿಗೆ ಇದು ಬಹಳ ಮುಖ್ಯ. ಹಾಲ್‌ನ ಗೋಡೆಯ ರಿಟರ್ನ್ ಗ್ರಿಲ್‌ನಲ್ಲಿ (ಕೋಣೆಯ ಗಾಳಿಯನ್ನು ಯಂತ್ರ ಒಳಗೆಳೆಯುವ ಜಾಲರಿ) ಒಂದು ಫಿಲ್ಟರ್, ಫರ್ನೆಸ್ ಪಕ್ಕದ ಸಂದಿಯಲ್ಲಿ ಹಿಂದಿನ ಮಾಲೀಕರು ಬಿಟ್ಟುಹೋದ ಇನ್ನೊಂದು ಇರುತ್ತದೆ. ಆ ಎರಡನೆಯದು ವರ್ಷಗಟ್ಟಲೆ ಧೂಳು ಹಿಡಿದು ಕಂಬಳಿಯಂತಾಗಿರುತ್ತದೆ. ಗಾಳಿಯ ಒಂದು ದಾರಿಯಲ್ಲಿ ಒಂದೇ ಕಡೆ ಫಿಲ್ಟರ್ ಸಾಕು.

ಹೊಸ ಫಿಲ್ಟರ್‌ನ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ತೆಗೆದಿದ್ದೀರಾ, ಚೌಕಟ್ಟಿನ ಮೇಲಿನ ಬಾಣ ಬ್ಲೋವರ್ ಕಡೆಗಿದೆಯಾ ಅಂತ ನೋಡಿ. ರಿಟರ್ನ್ ಗ್ರಿಲ್ ಮುಂದೆ ಸೋಫಾ, ಊರಿಂದ ಬಂದವರ ಸೂಟ್‌ಕೇಸ್ ಏನಾದರೂ ಇದೆಯಾ? ಬಳಸದ ಕೋಣೆಯ ವೆಂಟ್ (ಗಾಳಿ ಹೊರಬರುವ ಕಿಂಡಿ) ಮುಚ್ಚಿದರೆ ಉಳಿತಾಯ ಅಂತ ನಂಬಿ ನಾಲ್ಕೈದು ಮುಚ್ಚಿಟ್ಟವರಿದ್ದಾರೆ. ಬ್ಲೋವರ್ ದೃಷ್ಟಿಯಲ್ಲಿ ಅದೂ ಅಡ್ಡಿಯೇ. ಎಲ್ಲವನ್ನೂ ತೆರೆಯಿರಿ.

ಆಮೇಲೆ ಹಳೆಯ ಫಿಲ್ಟರ್ ಕೈಯಲ್ಲಿ ಹಿಡಿದು ಬೆಳಕಿನಲ್ಲಿ ಅಂಚು ನೋಡಿ. ನೆರಿಗೆಗಳ ಮೇಲೆಲ್ಲ ಧೂಳು ಒಂದೇ ಸಮನೆ ಬೂದಿ ಬಣ್ಣಕ್ಕೆ ಬಂದಿದ್ದರೆ ಗಾಳಿ ಫಿಲ್ಟರ್ ಮೂಲಕವೇ ಹೋಗಿದೆ. ಚೌಕಟ್ಟಿನ ಹೊರ ಅಂಚಿನಲ್ಲಿ ಕಪ್ಪು ಗೆರೆ ಎಳೆದಂತಿದ್ದರೆ, ಮೂಲೆಯಲ್ಲಿ ಧೂಳು ಬಾಲದಂತೆ ಉದ್ದಕ್ಕೆ ಹರಡಿದ್ದರೆ ಗಾಳಿ ಪಕ್ಕದಿಂದ ತಪ್ಪಿಸಿಕೊಂಡು ಹೋಗುತ್ತಿದೆ. 16×25×1 ಅಂತ ಬರೆದ ಫಿಲ್ಟರ್ ನಿಜದಲ್ಲಿ ಅಷ್ಟಿರುವುದಿಲ್ಲ. ಉದ್ದ ಅಗಲದಲ್ಲಿ ಕಾಲಿಂದ ಅರ್ಧ ಇಂಚು ಕಮ್ಮಿ ಇರುತ್ತದೆ, ದಪ್ಪ ಮುಕ್ಕಾಲು ಇಂಚು. ನಿಜವಾದ ಅಳತೆ ಚೌಕಟ್ಟಿನ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ. ನಿಮ್ಮ ಸಂದಿಯನ್ನು ಟೇಪಿನಲ್ಲಿ ಅಳೆದು ಆ ಸಣ್ಣ ಅಕ್ಷರದ ಜೊತೆ ಹೋಲಿಸಿ. ಅಂಚಿನಲ್ಲಿ ದಾರಿ ಬಿಟ್ಟು ಮೆರ್ವ್ 13 ಹಾಕಿದರೆ ದುಡ್ಡು ದಂಡ. ಸೋರಿದ ಧೂಳು ಹೋಗಿ ಕೂರುವುದು ಏಸಿ ಕಾಯಿಲ್ ಮೇಲೆ. ಅಲ್ಲಿಂದ ತೆಗೆಸುವುದು ಫಿಲ್ಟರ್ ಬದಲಾಯಿಸಿದಷ್ಟು ಸುಲಭವಲ್ಲ. ಫೋಮ್ ಪಟ್ಟಿ ಅಂಟಿಸಿ ಸಂದಿ ಮುಚ್ಚಿ. ಸ್ಲಾಟಿನ ಬಾಯಿಗೆ ಮುಚ್ಚಳ ಇಲ್ಲದಿದ್ದರೆ ಒಂದು ಮಾಡಿಸಿ, ಇಲ್ಲವೇ ಫಾಯಿಲ್ ಟೇಪ್ ಹಾಕಿ.

ಫಿಲ್ಟರ್ ತೆಗೆದು ನೋಡುವ ಪರೀಕ್ಷೆ

ದೋಷ ಫಿಲ್ಟರ್‌ನದೋ ಅಲ್ಲವೋ ಅಂತ ಬೇಗ ತಿಳಿಯಲು ಇದು ಸಾಕು. ಸಿಸ್ಟಮ್ ಹತ್ತು ಹದಿನೈದು ನಿಮಿಷ ಓಡಲಿ. ದೂರದ ಕೋಣೆಯ ವೆಂಟ್ ಹತ್ತಿರ ಒಂದು ಥರ್ಮಾಮೀಟರ್, ರಿಟರ್ನ್ ಗ್ರಿಲ್ ಹತ್ತಿರ ಇನ್ನೊಂದು ಇಡಿ. ಎರಡೂ ಬರೆದುಕೊಳ್ಳಿ. ಸಿಸ್ಟಮ್ ಆಫ್ ಮಾಡಿ ಫಿಲ್ಟರ್ ತೆಗೆಯಿರಿ, ಮತ್ತೆ ಹತ್ತು ನಿಮಿಷ ಓಡಿಸಿ ಅದೇ ಜಾಗದಲ್ಲಿ ಅಳೆಯಿರಿ. ಅಳೆದಾದ ಕೂಡಲೇ ಫಿಲ್ಟರ್ ಒಳಗೆ ಹಾಕಿ.

ಏಸಿ ಓಡುವಾಗ ರಿಟರ್ನ್ ಮತ್ತು ವೆಂಟ್ ನಡುವೆ ಸುಮಾರು 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸ ಇರುವುದು ರೂಢಿ. ಗಾಳಿ ಕಮ್ಮಿಯಾದರೆ ಈ ವ್ಯತ್ಯಾಸ ಜಾಸ್ತಿಯಾಗುತ್ತದೆ. "ಗಾಳಿ ಎಷ್ಟು ತಣ್ಣಗೆ ಬರ್ತಿದೆ ನೋಡಿ" ಅಂತ ಖುಷಿಪಡುವ ಹೊತ್ತಲ್ಲ ಅದು. ಫಿಲ್ಟರ್ ತೆಗೆದಾಗ ಗಾಳಿ ಜೋರಾಗಿ, ವ್ಯತ್ಯಾಸ ನಾಲ್ಕೈದು ಡಿಗ್ರಿ ಇಳಿದು, ಸದ್ದು ಬದಲಾದರೆ ಫಿಲ್ಟರ್ ನಿಜಕ್ಕೂ ಅಡ್ಡಿ. ಏನೂ ಬದಲಾಗದಿದ್ದರೆ ಫಿಲ್ಟರನ್ನು ಸುಮ್ನೆ ದೂರುತ್ತಿದ್ದೀರಿ. ಕೊಳೆಯಾದ ಕಾಯಿಲ್, ಚಿಕ್ಕ ರಿಟರ್ನ್ ಡಕ್ಟ್, ಅಟ್ಟದಲ್ಲಿ ಮಡಚಿಕೊಂಡ ಫ್ಲೆಕ್ಸ್ ಡಕ್ಟ್ (ಬಾಗುವ ಮೆದು ಕೊಳವೆ) ಇವುಗಳನ್ನು ನೋಡಬೇಕು.

ಚಳಿಗಾಲದಲ್ಲಿ ಲೆಕ್ಕ ಇನ್ನೂ ಖಚಿತ. ಫರ್ನೆಸ್‌ನ ಲೇಬಲ್ ಮೇಲೆ ಉಷ್ಣತೆ ಎಷ್ಟು ಏರಬಹುದು ಅಂತ ಬರೆದಿರುತ್ತದೆ, ಉದಾಹರಣೆಗೆ 35–65 ಡಿಗ್ರಿ. ಗಂಟೆಗೆ 80,000 ಬಿಟಿಯು (ಶಾಖದ ಅಳತೆ) ಇಂಧನ ಬಳಸುವ, 95 ಶೇಕಡಾ ದಕ್ಷತೆಯ ಫರ್ನೆಸ್ ಅಂದರೆ 76,000 ಬಿಟಿಯು ಗಾಳಿಗೆ ಸೇರುತ್ತದೆ. ನಿಮಿಷಕ್ಕೆ 1200 ಘನ ಅಡಿ, ಅಂದರೆ 1200 ಸಿಎಫ್‌ಎಂ, ಗಾಳಿ ಹೋದರೆ ಏರಿಕೆ ಸುಮಾರು 59 ಡಿಗ್ರಿ. ಅದೇ ಗಾಳಿ 900ಕ್ಕೆ ಇಳಿದರೆ ಏರಿಕೆ 78. ಲೇಬಲ್‌ನ ಮಿತಿ ದಾಟಿತು, ಲಿಮಿಟ್ ಸ್ವಿಚ್ ಬೀಳುವುದು ಆಶ್ಚರ್ಯವಲ್ಲ. ಲೆಕ್ಕದ ದಾರಿ ಇದು: ಬಿಟಿಯುವನ್ನು 1.08 ಮತ್ತು ಸಿಎಫ್‌ಎಂ ಇವುಗಳ ಗುಣಲಬ್ಧದಿಂದ ಭಾಗಿಸಿ. ಚಳಿಗಾಲದ ಅಳತೆಗೆ ದೂರದ ವೆಂಟ್ ಬೇಡ, ಫರ್ನೆಸ್‌ಗೆ ಹತ್ತಿರದ ವೆಂಟ್ ನೋಡಿ. ದಾರಿಯಲ್ಲಿ ಡಕ್ಟ್ ಶಾಖ ಕಳೆದುಕೊಳ್ಳುತ್ತದೆ.

ಹಿಮ ಕಟ್ಟಿದ್ದರೆ

ಥರ್ಮೋಸ್ಟಾಟ್‌ನಲ್ಲಿ ಏಸಿ ಆಫ್ ಮಾಡಿ, ಫ್ಯಾನ್ ಮಾತ್ರ ಆನ್ ಇಡಿ. ಕರಗಲು ಗಂಟೆಗಟ್ಟಲೆ ಬೇಕು, ಅವಸರ ಬೇಡ. ಚೂಪಾದ ವಸ್ತುವಿನಿಂದ ಕೆರೆಯಲೇಬೇಡಿ. ಕಾಯಿಲ್ ಕೆಳಗಿನ ತಟ್ಟೆ ತುಂಬಿ ಹರಿಯುತ್ತಿದೆಯಾ ಅಂತ ನೋಡುತ್ತಿರಿ, ಅದರಲ್ಲೂ ಯಂತ್ರ ಅಟ್ಟದಲ್ಲಿದ್ದರೆ.

ಪೂರ್ತಿ ಕರಗಿದ ಮೇಲೆ ಅಗ್ಗದ, ಸಡಿಲ ನೂಲಿನ ಫಿಲ್ಟರ್ ಹಾಕಿ ಓಡಿಸಿ. ಹಿಮ ಬರದಿದ್ದರೆ ಗಾಳಿಯ ಕೊರತೆಯೇ ಕಾರಣ. ಗಾಳಿ ಚೆನ್ನಾಗಿ ಹಾಯುತ್ತಿದ್ದೂ ಮತ್ತೆ ಹಿಮ ಬಂದರೆ ಗ್ಯಾಸ್ ಸೋರಿಕೆಯ ಅನುಮಾನ ಬಲವಾಗುತ್ತದೆ. ಅದು ನಾವು ಕೈ ಹಾಕುವ ಕೆಲಸವಲ್ಲ. ಅಮೆರಿಕದಲ್ಲಿ ರೆಫ್ರಿಜರೆಂಟ್ ಮುಟ್ಟಲು ಅಲ್ಲಿನ ಪರಿಸರ ಸಂಸ್ಥೆಯ ಇಪಿಎ 608 ಪ್ರಮಾಣಪತ್ರ ಬೇಕು.

ಒತ್ತಡ ಅಳೆಯುವುದು

ಇಲ್ಲಿಗೆ ಬಂದವರು ಒಂದು ಡಿಜಿಟಲ್ ಮ್ಯಾನೋಮೀಟರ್ (ಗಾಳಿಯ ಒತ್ತಡ ಅಳೆಯುವ ಸಾಧನ) ತಗೊಳ್ಳಿ ಅಂತ ಮನಸಾರೆ ಹೇಳುತ್ತೇನೆ. ಇದು ಒತ್ತಡವನ್ನು ನೀರಿನ ಇಂಚುಗಳಲ್ಲಿ ತೋರಿಸುತ್ತದೆ. ಒಂದು ಇಂಚು ಅಂದರೆ ಸುಮಾರು 249 ಪ್ಯಾಸ್ಕಲ್.

ಹೆಚ್ಚಿನ ಮನೆಯ ಯಂತ್ರಗಳನ್ನು ಒಟ್ಟು 0.5 ಇಂಚು ಹೊರಗಿನ ಒತ್ತಡಕ್ಕೆ ತಯಾರಿಸಿರುತ್ತಾರೆ. ಲೇಬಲ್ ನೋಡಿ ಖಚಿತಪಡಿಸಿಕೊಳ್ಳಿ. ಈ ಅರ್ಧ ಇಂಚಿನಲ್ಲೇ ಡಕ್ಟು, ಗ್ರಿಲ್ಲು, ಫಿಲ್ಟರ್ ಎಲ್ಲದರ ಸಂಸಾರ ನಡೆಯಬೇಕು. ಫರ್ನೆಸ್ ಮೇಲೆ ಕೂರಿಸಿದ ಏಸಿ ಕಾಯಿಲ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಫಿಲ್ಟರ್ ಪಾಲಿಗೆ 0.1 ಇಂಚು ಇಟ್ಟುಕೊಳ್ಳುವುದು ಒಳ್ಳೆಯ ಗುರಿ.

ಫಿಲ್ಟರ್ ಗ್ರಿಲ್‌ನಲ್ಲೇ ಇದ್ದರೆ ಅಳೆಯುವುದು ಸುಲಭ. ಫಿಲ್ಟರ್ ಮುಂದೆ ಇರುವುದು ಕೋಣೆಯ ಗಾಳಿ, ಅಲ್ಲಿ ಒತ್ತಡ ಸೊನ್ನೆ. ಹಿಂದಿನ ಡಕ್ಟಿನಲ್ಲಿ ಒಂದು ನಳಿಕೆ ಇಟ್ಟು ಓದಿದರೆ ಸಾಕು. ಫರ್ನೆಸ್ ಪಕ್ಕದ ಸಂದಿಯಲ್ಲಿದ್ದರೆ ಫಿಲ್ಟರ್‌ನ ಎರಡೂ ಕಡೆ ಅಳೆಯಬೇಕು. ಮುಂದೆ ಮೈನಸ್ 0.10, ಹಿಂದೆ ಮೈನಸ್ 0.38 ಬಂತು ಅನ್ನಿ. ಫಿಲ್ಟರ್ ಒಂದೇ 0.28 ತಿನ್ನುತ್ತಿದೆ. ಅರ್ಧಕ್ಕಿಂತ ಜಾಸ್ತಿ ಅದರ ಪಾಲಾಯಿತು, ಅಲ್ವಾ?

ಒಂದು ಎಚ್ಚರಿಕೆ. ರಂಧ್ರ ಕೊರೆಯುವುದು ಖಾಲಿ ಡಕ್ಟಿನ ತಗಡಿಗೆ ಮಾತ್ರ. ಫರ್ನೆಸ್‌ನ ಮೈಗೆ, ಕಾಯಿಲ್ ಪೆಟ್ಟಿಗೆಗೆ ಡ್ರಿಲ್ ಹಿಡಿಯಬೇಡಿ. ಒಳಗೆ ರೆಫ್ರಿಜರೆಂಟ್ ಕೊಳವೆ, ವೈರು ಇರುತ್ತವೆ. ಒಟ್ಟು ಒತ್ತಡ ಅಳೆಯಲು ಸಪ್ಲೈ ಕಡೆಯೂ (ಗಾಳಿ ಕೋಣೆಗಳಿಗೆ ಹೋಗುವ ಕಡೆ) ರಂಧ್ರ ಬೇಕು, ಅದನ್ನು ಟೆಕ್ನಿಷಿಯನ್ ಕೈಲಿ ಮಾಡಿಸಿ. ಅವರು ಬಂದಾಗ "ಟೋಟಲ್ ಎಕ್ಸ್‌ಟರ್ನಲ್ ಸ್ಟಾಟಿಕ್ ಪ್ರೆಶರ್ ಎಷ್ಟು ಬಂತು?" ಅಂತ ಕೇಳಿ. ಸಂಖ್ಯೆ ಹೇಳಿದರೆ ಒಳ್ಳೆಯ ಕೆಲಸಗಾರ. ಅಳೆಯದೆ "ಫಿಲ್ಟರ್ ಸ್ಟ್ರಾಂಗ್ ಆಯ್ತು ಸರ್" ಅಂದರೆ ಇನ್ನೊಬ್ಬರನ್ನು ಕರೆಸಿ.

ಎಷ್ಟು ದೊಡ್ಡ ಫಿಲ್ಟರ್ ಬೇಕು

ಎಲ್ಲ ತೊಂದರೆಯ ಬೇರು ಇಲ್ಲಿದೆ. ಹೊರಗಿನ ಏಸಿ ಯೂನಿಟ್‌ನ ಮಾಡೆಲ್ ನಂಬರ್ ಓದಿ. ನಡುವೆ 24, 30, 36, 42, 48, 60 ಇವುಗಳಲ್ಲಿ ಒಂದು ಸಾಮಾನ್ಯವಾಗಿ ಇರುತ್ತದೆ. ಅದು ಗಂಟೆಗೆ ಎಷ್ಟು ಸಾವಿರ ಬಿಟಿಯು ಅನ್ನುವ ಸಂಖ್ಯೆ. 12,000 ಬಿಟಿಯು ಒಂದು ಟನ್, ಹಾಗಾಗಿ 36 ಅಂದರೆ 3 ಟನ್. ಟನ್‌ಗೆ 400 ಸಿಎಫ್‌ಎಂ ಗಾಳಿ ಬೇಕು ಅನ್ನುವುದು ರೂಢಿಯ ಲೆಕ್ಕ. ಸೆಕೆ, ತೇವ ಜಾಸ್ತಿ ಇರುವ ಊರುಗಳಲ್ಲಿ 350ಕ್ಕೆ ಇಳಿಸುತ್ತಾರೆ. 3 ಟನ್‌ಗೆ 1200 ಸಿಎಫ್‌ಎಂ ಆಯಿತು.

ಈಗ 16×25 ಫಿಲ್ಟರ್ ತಗೊಳ್ಳಿ. 400 ಚದರ ಇಂಚು, ಅಂದರೆ 2.78 ಚದರ ಅಡಿ. 1200ನ್ನು 2.78ರಿಂದ ಭಾಗಿಸಿದರೆ ಗಾಳಿ ನಿಮಿಷಕ್ಕೆ 432 ಅಡಿ ವೇಗದಲ್ಲಿ ಫಿಲ್ಟರ್ ಮುಖಕ್ಕೆ ಬಡಿಯುತ್ತದೆ. ಒಂದು ಇಂಚು ದಪ್ಪದ ಮೆರ್ವ್ 13ಕ್ಕೆ ಇದು ಬಹಳ ಜಾಸ್ತಿ. ಇಷ್ಟು ವೇಗದಲ್ಲಿ ಹೊಸ ಫಿಲ್ಟರೇ ಕಾಲು ಇಂಚಿನ ಒತ್ತಡ ದಾಟಬಹುದು. ಧೂಳು ತುಂಬಿದ ಮೇಲಿನ ಕತೆ ಬೇರೆ.

ಕ್ಯಾಲಿಫೋರ್ನಿಯಾ ಇದನ್ನು ಕಾನೂನಿನಲ್ಲೇ ತಂದಿದೆ. 2020ರ ಜನವರಿಯಿಂದ ಜಾರಿಯಾದ ಅಲ್ಲಿನ ಕಟ್ಟಡ ಇಂಧನ ನಿಯಮದ ಪ್ರಕಾರ ಹೊಸ ಮನೆಯ ಡಕ್ಟ್ ಸಿಸ್ಟಮ್‌ಗೆ ಮೆರ್ವ್ 13 ಇರಲೇಬೇಕು. ಫಿಲ್ಟರ್ ದಪ್ಪ ಕನಿಷ್ಠ 2 ಇಂಚು. ಒಂದು ಇಂಚಿನದೇ ಹಾಕುವುದಾದರೆ ಮುಖದ ವೇಗ ನಿಮಿಷಕ್ಕೆ 150 ಅಡಿ ದಾಟಬಾರದು, ಒತ್ತಡದ ಇಳಿತ 0.1 ಇಂಚಿನೊಳಗಿರಬೇಕು. ನಮ್ಮ 3 ಟನ್ ಮನೆಗೆ ಈ ಲೆಕ್ಕ ಹಚ್ಚಿ: 1200ನ್ನು 150ರಿಂದ ಭಾಗಿಸಿದರೆ 8 ಚದರ ಅಡಿ, 1152 ಚದರ ಇಂಚು. 20×30 ಅಳತೆಯ ಎರಡು ಫಿಲ್ಟರ್ ಬೇಕು. ಹೆಚ್ಚಿನ ಹಳೆ ಮನೆಗಳಲ್ಲಿ ಇರುವುದು ಇದರ ಮೂರನೇ ಒಂದು ಭಾಗ. ನೀವು ಕ್ಯಾಲಿಫೋರ್ನಿಯಾದಲ್ಲಿ ಇಲ್ಲದಿದ್ದರೂ ಒಂದು ಇಂಚಿನ ಫಿಲ್ಟರ್‌ಗೆ ಈ 150ನ್ನು ಗುರಿಯಾಗಿ ಇಟ್ಟುಕೊಳ್ಳಿ. ಕಾನೂನು ಬೇರೆಯಾದರೂ ಗಾಳಿ ಹರಿಯುವ ರೀತಿ ಎಲ್ಲ ರಾಜ್ಯದಲ್ಲೂ ಒಂದೇ.

ದಪ್ಪ ಏಕೆ ಲೆಕ್ಕಕ್ಕೆ ಬರುತ್ತದೆ? ಗಾಳಿ ಸೋಸುವುದು ನೆರಿಗೆ ಬಟ್ಟೆ. ಐದೂವರೆ ಮೀಟರ್ ಸೀರೆ ನೆರಿಗೆ ಹಿಡಿದರೆ ಸೊಂಟದ ಸುತ್ತ ಕೂರುವಂತೆ, ದಪ್ಪ ಚೌಕಟ್ಟಿನಲ್ಲಿ ಆಳವಾದ ನೆರಿಗೆ ಹಿಡಿದರೆ ಅದೇ ಕಿಂಡಿಯಲ್ಲಿ ಎಷ್ಟೋ ಪಟ್ಟು ಬಟ್ಟೆ ಕೂರುತ್ತದೆ. ಬಟ್ಟೆ ಜಾಸ್ತಿಯಾದರೆ ಪ್ರತಿ ಇಂಚಿನ ಮೂಲಕ ಹೋಗುವ ಗಾಳಿ ನಿಧಾನವಾಗುತ್ತದೆ, ಅಡ್ಡಿ ಇಳಿಯುತ್ತದೆ, ಧೂಳು ತುಂಬಲೂ ಹೆಚ್ಚು ಕಾಲ ಬೇಕು. ಆದ್ದರಿಂದ 4 ಇಂಚಿನ ಮೆರ್ವ್ 13 ಎಷ್ಟೋ ಸಲ ಗಾಳಿಗೆ 1 ಇಂಚಿನ ಮೆರ್ವ್ 8ರಷ್ಟೇ ಅಡ್ಡಿ ಕೊಡುತ್ತದೆ. ಫಿಲ್ಟರ್ ಪ್ಯಾಕಿನ ಮೇಲೆ ಸಿಎಫ್‌ಎಂಗೆ ಎದುರಾಗಿ ಆರಂಭದ ಒತ್ತಡ ತೋರಿಸುವ ಪಟ್ಟಿ ಇದ್ದರೆ ಅದನ್ನೇ ನಂಬಿ. ನಿಮ್ಮ ಸಿಎಫ್‌ಎಂ ಸಾಲಿನಲ್ಲಿ ಏನಿದೆ ನೋಡಿ. ಆ ಪಟ್ಟಿಯೇ ಇಲ್ಲದ ಫಿಲ್ಟರ್ ನಾನು ಕೊಳ್ಳುವುದಿಲ್ಲ.

ನಂಬರ್ ಎಷ್ಟಿರಬೇಕು

ಏಸಿ, ಹೀಟಿಂಗ್ ಎಂಜಿನಿಯರುಗಳ ಆಶ್ರೆ ಸಂಸ್ಥೆಯ 52.2 ಮಾನದಂಡದ ಪ್ರಕಾರ ಮೆರ್ವ್ 8 ಫಿಲ್ಟರ್ 3ರಿಂದ 10 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣಗಳಲ್ಲಿ ಕನಿಷ್ಠ 70 ಶೇಕಡಾ ಹಿಡಿಯಬೇಕು, 1 ಮೈಕ್ರಾನ್‌ಗಿಂತ ಸಣ್ಣದಕ್ಕೆ ಯಾವ ಭರವಸೆಯೂ ಇಲ್ಲ. ಮೆರ್ವ್ 13 ಆದರೆ 0.3ರಿಂದ 1 ಮೈಕ್ರಾನ್ ಕಣಗಳಲ್ಲಿ ಕನಿಷ್ಠ ಅರ್ಧ, 1ರಿಂದ 3ರಲ್ಲಿ 85 ಶೇಕಡಾ. ಕಾಡ್ಗಿಚ್ಚಿನ ಹೊಗೆಯ ಕಣಗಳು ಹೆಚ್ಚಾಗಿ 1 ಮೈಕ್ರಾನ್‌ಗಿಂತ ಕೆಳಗೆ. ಒಗ್ಗರಣೆ ಹೊಗೆ, ಊದಿನಕಡ್ಡಿ ಹೊಗೆಯೂ ಅಷ್ಟೇ ಸಣ್ಣದು. ಅದಕ್ಕೇ ಮೆರ್ವ್ 8ಕ್ಕೆ ಹಿಂದೆ ಸರಿಯಬೇಡಿ ಅಂತ ಒತ್ತಿ ಹೇಳುವುದು. ಮನೆಯಲ್ಲಿ ಆಸ್ತಮಾ ಇರುವ ಮಗುವೋ ವಯಸ್ಸಾದ ಅಪ್ಪ ಅಮ್ಮನೋ ಇದ್ದರೆ ಈ ವ್ಯತ್ಯಾಸ ದೊಡ್ಡದು.

ಹೆಪಾ ಇನ್ನೂ ಬಿಗಿಯಾದ ಫಿಲ್ಟರ್, ಬೇರೆ ವರ್ಗ: 0.3 ಮೈಕ್ರಾನ್‌ನಲ್ಲಿ 99.97 ಶೇಕಡಾ. ಅದನ್ನು ಮನೆಯ ಬ್ಲೋವರ್‌ಗೆ ನೇರವಾಗಿ ಅಡ್ಡ ಇಡಬೇಡಿ. ಕೋಣೆಗೆ ಪ್ರತ್ಯೇಕ ಯಂತ್ರ ಇಡಿ. ಅಂಗಡಿಯಲ್ಲಿ ಕಾಣುವ ಎಂಪಿಆರ್, ಎಫ್‌ಪಿಆರ್ ಅನ್ನುವವು ಕಂಪನಿ, ಅಂಗಡಿಗಳ ಸ್ವಂತ ಅಂಕಗಳು. ಪ್ಯಾಕಿನಲ್ಲಿ ಮೆರ್ವ್ ಸಂಖ್ಯೆ ಹುಡುಕಿ ಅದನ್ನೇ ಹೋಲಿಸಿ.

ಪರಿಹಾರ

ಫರ್ನೆಸ್ ಪಕ್ಕ ಜಾಗ ಇದ್ದರೆ 4 ಇಂಚಿನ ಮೀಡಿಯಾ ಕ್ಯಾಬಿನೆಟ್ (ದಪ್ಪ ಫಿಲ್ಟರ್ ಕೂರುವ ಪೆಟ್ಟಿಗೆ) ಹಾಕಿಸಿ. ಒಂದು ಇಂಚಿನ ಸಂದಿಗೆ ದಪ್ಪ ಫಿಲ್ಟರ್ ತುರುಕಲು ಆಗುವುದಿಲ್ಲ, ತಗಡಿನ ಕೆಲಸ ಬೇಕು. ಸಾಧ್ಯವಾದರೆ 16×25 ಬಿಟ್ಟು 20×25ಕ್ಕೆ ಹೋಗಿ. 3 ಟನ್‌ಗೆ ಮುಖದ ವೇಗ 432ರಿಂದ 346ಕ್ಕೆ ಇಳಿಯುತ್ತದೆ. ದಪ್ಪವೂ ಸೇರಿದರೆ ದೊಡ್ಡ ಬದಲಾವಣೆ.

ನನ್ನ ಮೆಚ್ಚಿನ ದಾರಿ ಎರಡನೇ ರಿಟರ್ನ್. ಮಹಡಿಯಲ್ಲೋ ದೊಡ್ಡ ಬೆಡ್‌ರೂಮ್‌ನಲ್ಲೋ ಇನ್ನೊಂದು ರಿಟರ್ನ್ ಗ್ರಿಲ್ ತೆರೆದು, ಅಲ್ಲಿಗೂ ಫಿಲ್ಟರ್ ಹಾಕಿಸಿದರೆ ಫಿಲ್ಟರ್ ವಿಸ್ತೀರ್ಣವೂ ಏರುತ್ತದೆ, ಚಿಕ್ಕ ರಿಟರ್ನ್ ಡಕ್ಟಿನ ಹಳೆ ರೋಗವೂ ವಾಸಿಯಾಗುತ್ತದೆ. ಎಷ್ಟೋ ಮನೆಗಳಲ್ಲಿ ರಿಟರ್ನ್ ಮೊದಲಿನಿಂದಲೂ ಚಿಕ್ಕದು. ಮೆರ್ವ್ 13 ಬಂದು ಅದನ್ನು ಬಯಲಿಗೆ ತಂದಿರುತ್ತದೆ ಅಷ್ಟೇ.

ಬಾಡಿಗೆ ಮನೆ, ತಗಡು ಮುಟ್ಟುವ ಹಾಗಿಲ್ಲ ಅನ್ನುವವರು ಡಕ್ಟಿಗೆ ಮೆರ್ವ್ 8 ಇಟ್ಟು, ಹೊಗೆ ದಿನಗಳಿಗೆ ಕಾರ್ಸಿ–ರೋಸೆಂತಾಲ್ ಡಬ್ಬ ಕಟ್ಟಿ. 2020ರಲ್ಲಿ ರಿಚರ್ಡ್ ಕಾರ್ಸಿ ಮತ್ತು ಜಿಮ್ ರೋಸೆಂತಾಲ್ ರೂಪಿಸಿದ್ದು ಇದು. 20×20 ಅಳತೆಯ ನಾಲ್ಕೈದು ಮೆರ್ವ್ 13 ಫಿಲ್ಟರ್‌ಗಳನ್ನು ಡಬ್ಬದಂತೆ ನಿಲ್ಲಿಸಿ ಟೇಪ್ ಸುತ್ತಿ, ಮೇಲೆ ಒಂದು ಬಾಕ್ಸ್ ಫ್ಯಾನ್ ಗಾಳಿ ಹೊರಗೆ ಹೋಗುವಂತೆ ಕೂರಿಸುವುದು. ಇಷ್ಟೊಂದು ವಿಸ್ತೀರ್ಣ ಸಿಕ್ಕಿದ್ದರಿಂದಲೇ ಬಡಪಾಯಿ ಬಾಕ್ಸ್ ಫ್ಯಾನ್ ಕೂಡ ಮೆರ್ವ್ 13 ಮೂಲಕ ಸಲೀಸಾಗಿ ಗಾಳಿ ಎಳೆಯುತ್ತದೆ.

ಇದೇ ದೋಷ ಬೆಂಗಳೂರಿನ ಸ್ಪ್ಲಿಟ್ ಏಸಿಯಲ್ಲೂ ಬೇರೆ ರೂಪದಲ್ಲಿ ಕಾಣುತ್ತದೆ. ಅದರ ಪ್ಲಾಸ್ಟಿಕ್ ಜಾಲರಿ ದಪ್ಪ ಧೂಳಿಗೆ ಮಾತ್ರ. ಅದರ ಮೇಲೆ ದಪ್ಪ ಫಿಲ್ಟರ್ ಹಾಳೆ ಅಂಟಿಸಿದರೆ ಸಣ್ಣ ಫ್ಯಾನ್ ಸೋತು ಕಾಯಿಲ್ ಹಿಮ ಕಟ್ಟುತ್ತದೆ. ಜಾಲರಿ ತೊಳೆದು ಹಾಕಿ, ಗಾಳಿ ಶುದ್ಧಿಗೆ ಬೇರೆ ಪ್ಯೂರಿಫೈಯರ್ ಇಡಿ.

ಹೊಸ ಫಿಲ್ಟರ್ ಹಾಕಿದ ದಿನ ಒತ್ತಡ ಅಳೆದು, ಆ ಸಂಖ್ಯೆ ಮತ್ತು ತಾರೀಕು ಎರಡನ್ನೂ ಚೌಕಟ್ಟಿನ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಆಗಾಗ ಮತ್ತೆ ಅಳೆಯಿರಿ. ಮೊದಲ ಸಂಖ್ಯೆಯ ಎರಡರಷ್ಟಾದಾಗ ಬದಲಾಯಿಸಿ. ಹೊರಗೆ ಗಾಳಿ ಬಿಡುವ ಚಿಮಣಿ ಇಲ್ಲದ ಅಡುಗೆಮನೆಯಲ್ಲಿ ದಿನಾ ಒಗ್ಗರಣೆ, ಕರಿಯುವುದು ನಡೆಯುತ್ತಿದ್ದರೆ ಎಣ್ಣೆ ಜಿಡ್ಡು ಹಿಡಿದು ಪ್ಯಾಕಿನ ಮೇಲೆ ಬರೆದ ಮೂರು ತಿಂಗಳಿಗಿಂತ ಬಹಳ ಮೊದಲೇ ಆ ದಿನ ಬರುತ್ತದೆ.